ಕ್ಯಾಸಲ್‌ರಾಕ್‌ನಲ್ಲಿ ಕಲಿತ ಸ್ಪ್ಯಾನಿಷ್

ಕಾಗದ ತಿನ್ನುವ ಪ್ರಾಣಿಗಳು ನಾನು ಕಂಡಂತೆ ಎರಡೇ. ಒಂದು ಕತ್ತೆ, ಇನ್ನೊಂದು ನಮ್ಮ ಮನೆಯವರು. ಕತ್ತೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ತಿನ್ನುತ್ತದೆ. ನಮ್ಮ ಮನೆಯವರು ಹಾಗಲ್ಲ. ಮೊದಲು ಕಾಗದವನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳ ನಡುವೆ ತಿಕ್ಕುತ್ತಾರೆ, ಕಿವಿಯ ಹತ್ತಿರ ಒಯ್ದು ಅಲ್ಲಾಡಿಸುತ್ತಾರೆ, ಆಮೇಲೆ ಮೂಲೆಯಿಂದ ಶೇಂಗಾಬೀಜದಷ್ಟು ಹರಿದು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಗಿದು ಮುಗಿದ ಮೇಲೆ "ಬಿದಿರು" ಎಂದೋ "ಹುಲ್ಲು" ಎಂದೋ ತೀರ್ಪು ಬರುತ್ತದೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಅವರು ಎಂಜಿನಿಯರು. ಇದನ್ನೆಲ್ಲ ಪರೀಕ್ಷಿಸಲು ಅಲ್ಲಿ ಬೇಕಾದ ಉಪಕರಣಗಳಿದ್ದವು. ಆದರೆ ಅವರಿಗೆ ತಮ್ಮ ನಾಲಿಗೆಯ ಮೇಲಿದ್ದ ನಂಬಿಕೆ ಉಪಕರಣದ ಮೇಲೆ ಇರಲಿಲ್ಲ.

ನನ್ನನ್ನು ನೋಡಲು ಮುಂಡಗೋಡದ ಹತ್ತಿರದ ನನ್ನ ತವರು ಸನವಳ್ಳಿಗೆ ಬಂದಾಗಲೂ ಹೀಗೇ ಆಯಿತು. ನಮ್ಮಪ್ಪ ಹೆಮ್ಮೆಯಿಂದ ನನ್ನ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟು ತಂದು ಅವರ ಕೈಗೆ ಕೊಟ್ಟರು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಂಕ ಓದುತ್ತಿದ್ದಾರೆಂದುಕೊಂಡು ನಾನು ಬಾಗಿಲ ಹಿಂದೆ ನಿಂತು ಬೆವರಿದೆ. ಅಷ್ಟರಲ್ಲಿ ಚರ್ರೆಂದು ಸದ್ದಾಯಿತು. ಇಣುಕಿ ನೋಡಿದರೆ, ವರ ಏನನ್ನೋ ಅಗಿಯುತ್ತಿದ್ದಾನೆ.

"ಮಾಲು ಭಾಳ ಚಲೋ ಐತ್ರಿ," ಎಂದರು.

ನಮ್ಮಪ್ಪ ಅದು ನನ್ನ ಬಗ್ಗೆ ಹೇಳಿದ ಮಾತೆಂದು ತಿಳಿದು ಅಂದೇ ಮದುವೆ ಗಟ್ಟಿ ಮಾಡಿದರು.

ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಮ್ಮ ಮದುವೆಯಾಗಿ ನಾಲ್ಕು ವರ್ಷ. ಕಾರ್ಖಾನೆ ನಡೆಯುತ್ತಿದ್ದದ್ದು ಬಿದಿರಿನ ಮೇಲೆ. ಜೋಯಿಡಾ ಕಾಡಿನಿಂದ ಲಾರಿಗಟ್ಟಲೆ ಬರುತ್ತಿತ್ತು. ಆದರೆ ನಮ್ಮ ಮನೆಯವರಿಗೆ ಒಂದೇ ಚಿಂತೆ. "ಬಿದಿರು ಒಮ್ಮೆ ಹೂ ಬಿಟ್ಟಿತಂದ್ರ ಮೆಳಿಗೆ ಮೆಳೀನ ಒಣಗಿ ಹೋಗ್ತೈತಿ. ಆಮ್ಯಾಲ ಏನು ಮಾಡ್ತೀರಿ?" ಎಂದು ಮೇಲಿನವರನ್ನು ಪೀಡಿಸುತ್ತಿದ್ದರು. ಮೆಕ್ಸಿಕೋ ದೇಶದಲ್ಲಿ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತಾರೆಂದು ಎಲ್ಲಿಯೋ ಓದಿ, ಕಂಡಕಂಡವರಿಗೆಲ್ಲ ಅದನ್ನೇ ಹೇಳಿದರು. ಕೊನೆಗೆ ಇವರ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಇವರನ್ನೇ ಅಲ್ಲಿಗೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಓದಿ, ಪರೀಕ್ಷೆ ಪಾಸು ಮಾಡಿ ಬರಬೇಕು. ಪಾಸಾದರೆ ಕಬ್ಬಿನ ಸಿಪ್ಪೆಯ ಪ್ರಯೋಗ ಇವರ ಕೈಗೆ. ಇಲ್ಲವಾದರೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ.

ಆದೇಶದ ಕಾಗದ ಮನೆಗೆ ಬಂದಾಗ ಓದುವುದಕ್ಕಿಂತ ಮೊದಲು ಅದರ ಮೂಲೆ ಹೋಯಿತು ಎಂದು ಬೇರೆ ಹೇಳಬೇಕೆ?

ಹಳಿಯಾಳದಿಂದ ಅತ್ತೆ ಬಂದರು. ನಾನು ಸುದ್ದಿ ಹೇಳಿದೆ. "ಒಂದು ಸೆಮಿಸ್ಟರಿಗೆ ಹೊಂಟಾರ್ರಿ."

ಅತ್ತೆಯ ಕಿವಿಗೆ ಅದು 'ಸಿಸ್ಟರ್' ಎಂದು ಬಿತ್ತು. ಅವರಿಗೆ ಗೊತ್ತಿದ್ದ ಸಿಸ್ಟರ್ ಎಂದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ನರ್ಸು. ಮುಖ ಸಣ್ಣದಾಯಿತು. ನನ್ನನ್ನು ಪಕ್ಕಕ್ಕೆ ಕರೆದು, "ಆಕಿ ಯಾರವಾ? ಎಷ್ಟು ದಿನದಿಂದ ಗುರ್ತು?" ಎಂದು ಕೇಳಿದರು.

ಇನ್ನು ಭಾಷೆಯ ಪ್ರಶ್ನೆ. ಮೆಕ್ಸಿಕೋದಲ್ಲಿ ಪಾಠ ನಡೆಯುವುದು ಸ್ಪ್ಯಾನಿಷ್‌ನಲ್ಲಿ. ದಾಂಡೇಲಿಯಲ್ಲಿ ಅದನ್ನು ಕಲಿಸುವವರು ಯಾರು? ಕ್ಯಾಸಲ್‌ರಾಕ್‌ನಲ್ಲಿ ಗೋವಾ ಕಡೆಯ ಒಬ್ಬ ಮುದುಕರಿದ್ದಾರೆ, ಗಡಿ ದಾಟುವ ಸಾಮಾನಿನ ಕಚೇರಿಯಲ್ಲಿ ಕಾರಕೂನರಾಗಿದ್ದವರು, ಅವರಿಗೆ ಆ ಕಡೆಯ ಭಾಷೆಗಳು ಬರುತ್ತವೆ ಎಂದು ಯಾರೋ ಹೇಳಿದರು. ಸರಿ, ಪ್ರತಿ ಭಾನುವಾರ ಬೆಳಿಗ್ಗೆ ರೈಲು ಹಿಡಿದು ಅಳ್ನಾವರ, ಅಲ್ಲಿಂದ ಲೋಂಡಾ, ಅಲ್ಲಿಂದ ಕ್ಯಾಸಲ್‌ರಾಕ್. ಒಮ್ಮೆ ನಾನೂ ಹೋಗಿದ್ದೆ. ಮುದುಕರು ಆರಾಮ ಕುರ್ಚಿಯಲ್ಲಿ ಒರಗಿ ಒಂದೊಂದೇ ಶಬ್ದ ಹೇಳುವರು, ಇವರು ಎದೆ ಸೆಟೆಸಿ ಕೂತು ಒಪ್ಪಿಸುವರು. "ಬೊಂ ದಿಯಾ", ಅಂದರೆ ನಮಸ್ಕಾರ. "ಒಬ್ರಿಗಾದು", ಅಂದರೆ ಉಪಕಾರವಾಯಿತು. ನಾಲ್ಕು ತಿಂಗಳಲ್ಲಿ ಮೂರು ನೋಟುಪುಸ್ತಕ ತುಂಬಿದವು. ಮನೆಯಲ್ಲಿ ಚಹಾ ಕೊಟ್ಟರೆ ನನಗೂ ಒಬ್ರಿಗಾದು.

ಹೊರಡುವ ದಿನ ಅತ್ತೆ ಶೇಂಗಾ ಚಟ್ನಿ, ಜೋಳದ ಹಿಟ್ಟು, ವಿಭೂತಿಯ ಎರಡು ದೊಡ್ಡ ಗಟ್ಟಿ ಕಟ್ಟಿಕೊಟ್ಟರು. ನಾನು ಏನೂ ಕಟ್ಟಿಕೊಡಲಿಲ್ಲ. ಸ್ಟೇಷನ್ನಿನಲ್ಲಿ ಅವರು ನನಗೆ ಹೇಳಿದ್ದು ಇಷ್ಟೇ: "ಬಂದ ಕಾಗದಾ ಎಲ್ಲಾ ಇಟ್ಟಿರು. ನಾ ಬಂದು ನೋಡ್ತೇನಿ." ನನ್ನ ಆರೋಗ್ಯದ ಮಾತಿಲ್ಲ, ಏನಿಲ್ಲ. ರೈಲು ಹೋದ ಮೇಲೆ ನನಗೆ ಸಿಟ್ಟೇ ಬಂದಿತ್ತು.

ಒಂದು ತಿಂಗಳ ಮೇಲೆ ಮೊದಲ ಪತ್ರ ಬಂತು. ಅದನ್ನು ಓದಿ ನಾನೂ ಅತ್ತೆಯೂ ನಕ್ಕ ನಗೆಗೆ ಪಕ್ಕದ ಕ್ವಾರ್ಟರ್ಸಿನವರು ಏನಾಯಿತೆಂದು ನೋಡಲು ಬಂದರು. ಇವರು ಇಳಿದುಕೊಂಡದ್ದು ಗಂಡನಿಲ್ಲದ ಒಬ್ಬ ಮುದುಕಿಯ ಮನೆಯಲ್ಲಿ. ಆಕೆ ಮೊದಲ ದಿನ ತಟ್ಟೆ ತುಂಬ ಊಟ ಬಡಿಸಿದಳು. ಇವರು ಕೈ ಮುಗಿದು "ಒಬ್ರಿಗಾದು" ಎಂದರು. ಆಕೆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಮರುದಿನವೂ ಹಾಗೇ ಆಯಿತು. ಎರಡು ದಿನ ಚಟ್ನಿಪುಡಿ ತಿಂದು ಕಳೆದ ಮೇಲೆ ಕಾಲೇಜಿನ ಒಬ್ಬ ಮೇಷ್ಟ್ರು ವಿಷಯ ಬಿಡಿಸಿ ಹೇಳಿದರು. ಕ್ಯಾಸಲ್‌ರಾಕ್‌ನ ಮುದುಕರು ಕಲಿಸಿದ್ದು ಸ್ಪ್ಯಾನಿಷ್ ಅಲ್ಲ, ಪೋರ್ಚುಗೀಸ್. ಇವರು ಉಪಕಾರ ನೆನೆದಾಗೆಲ್ಲ ಆಕೆಯ ಕಿವಿಗೆ ಅದು 'ಒತ್ತಾಯಕ್ಕೆ ತಿನ್ನುತ್ತಿದ್ದೇನೆ' ಎಂದು ಕೇಳುತ್ತಿತ್ತು. ಅತಿಥಿಗೆ ಒತ್ತಾಯ ಮಾಡಬಾರದೆಂದು ಆ ಪುಣ್ಯಾತ್ಗಿತ್ತಿ ತಟ್ಟೆ ತೆಗೆಯುತ್ತಿದ್ದಳು.

ನಾನು ಈ ಸುದ್ದಿಯನ್ನು ಕ್ಯಾಸಲ್‌ರಾಕ್‌ಗೆ ಬರೆದೆ. ಮುದುಕರು ಉತ್ತರ ಬರೆಯಿಸಿದರು: "ನಾ ಮೊದಲs ಹೇಳಿದ್ದೆನಲ್ಲ ತಾಯಿ, ಆ ಎರಡೂ ಭಾಷಾ ಅಕ್ಕತಂಗೇರು ಅಂತ. ತಂಗಿ ಮನಿತನಕ ನಾ ಮುಟ್ಟಿಸೀನಿ. ಅಕ್ಕನ ಮನಿ ಅವರs ಹುಡಿಕ್ಕೋಬೇಕು."

ಎರಡನೆಯ ಪತ್ರ ವಿಭೂತಿಯದ್ದು. ನಮ್ಮವರು ದಿನವೂ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಹಚ್ಚುವವರು. ಅಲ್ಲಿಯೂ ಹಚ್ಚಿಕೊಂಡೇ ಕಾಲೇಜಿಗೆ ಹೋಗುತ್ತಿದ್ದರು, ಜನ ಮಿಕಿಮಿಕಿ ನೋಡುತ್ತಿದ್ದರು. ಒಂದು ಬುಧವಾರ ಬೀದಿಗಿಳಿದರೆ ಕಂಡವರ ಹಣೆಯ ಮೇಲೆಲ್ಲ ಬೂದಿ! ಬಸ್ಸಿನ ಡ್ರೈವರಿನ ಹಣೆಯ ಮೇಲೆ, ಹಣ್ಣಿನವಳ ಹಣೆಯ ಮೇಲೆ, ಕಾಲೇಜಿನ ಪ್ರಿನ್ಸಿಪಾಲರ ಹಣೆಯ ಮೇಲೆ. ಇವರು ಎದುರಾದವರಿಗೆಲ್ಲ ಕೈ ಮುಗಿದರಂತೆ. ಅದು ಕ್ರೈಸ್ತರು ವರ್ಷಕ್ಕೊಮ್ಮೆ ಉಪವಾಸದ ದಿನಗಳು ಮೊದಲಾಗುವಾಗ ಬೂದಿ ಹಚ್ಚಿಸಿಕೊಳ್ಳುವ ದಿನ ಎಂದು ಇವರಿಗೇನು ಗೊತ್ತು? "ಇಲ್ಲಿಯೂ ನಮ್ಮ ಮಂದಿ ಇದ್ದಾರೆ. ಆದರೆ ಅಡ್ಡಪಟ್ಟೆಯ ಬದಲು ಶಿಲುಬೆಯ ಹಾಗೆ ಹಚ್ಚಿಕೊಳ್ಳುತ್ತಾರೆ," ಎಂದು ಬರೆದಿದ್ದರು.

ಅತ್ತೆ ಎರಡು ಕೈ ಜೋಡಿಸಿ, "ಹೊಸದಾಗಿ ಲಿಂಗಾ ಕಟಿಗೊಂಡವ್ರಿರಬೇಕು. ಹಚ್ಚೂದು ಇನ್ನೂ ಸರಿ ಬಂದಿಲ್ಲ," ಎಂದರು.

ಮರುದಿನ ಊರೆಲ್ಲ ಹಣೆ ತೊಳೆದುಕೊಂಡಿತ್ತು, ಇವರೊಬ್ಬರದು ಹಾಗೇ ಇತ್ತು. ಅದರ ಮರುದಿನವೂ ಇತ್ತು. ಇಂಥ ಭಕ್ತನನ್ನು ತಾವು ಕಂಡಿಲ್ಲವೆಂದು ಆ ಓಣಿಯ ಹೆಂಗಸರು ಇವರಿಗೆ ಅವರೆಯಂಥ ಕಾಳಿನ ಪಲ್ಯ ಕಳಿಸತೊಡಗಿದರು. ಮನೆಯೊಡತಿ ಗೋವಿನಜೋಳದ ಹಿಟ್ಟಿನಿಂದ ಅಂಗೈಯಲ್ಲಿ ತಟ್ಟಿ ರೊಟ್ಟಿ ಮಾಡುತ್ತಿದ್ದಳು. ಜೊತೆಗೆ ಹಸಿಮೆಣಸಿನಕಾಯಿ. "ಊಟದ ಚಿಂತೆ ಬೇಡ, ಇದು ಮುಂಡಗೋಡವೇ," ಎಂದು ಬರೆದರು.

ಮೂರನೆಯ ಪತ್ರ ಅರ್ಧ ಪುಟದ್ದು. ಅದರಲ್ಲಿ ಕಾಗದದ ಮಾತೂ ಇರಲಿಲ್ಲ, ನಗೆಯೂ ಇರಲಿಲ್ಲ. ಸೆಮಿಸ್ಟರಿನ ನಡುವಿನ ಪರೀಕ್ಷೆಯಲ್ಲಿ ಹತ್ತಕ್ಕೆ ಎರಡು ಅಂಕ ಬಂದಿತ್ತು. ಕಬ್ಬಿನ ಸಿಪ್ಪೆಯನ್ನು ತೊಳೆಯುವುದು ಹೇಗೆ ಎಂದು ಪ್ರಶ್ನೆ. ಅವರ ಭಾಷೆಯಲ್ಲಿ ತೊಳೆಯುವುದಕ್ಕೂ ಒಯ್ಯುವುದಕ್ಕೂ ಶಬ್ದ ಹತ್ತಿರ ಹತ್ತಿರ. ಇವರು ಸಿಪ್ಪೆಯನ್ನು ಹೊಲದಿಂದ ಕಾರ್ಖಾನೆಗೆ ಒಯ್ಯುವುದು ಹೇಗೆಂದು ಮೂರು ಪುಟ ಬರೆದು, ಎರಡೆತ್ತಿನ ಚಕ್ಕಡಿಯ ಚಿತ್ರವನ್ನೂ ಬಿಡಿಸಿದ್ದರು. ಬಂದ ಎರಡು ಅಂಕ ಎತ್ತುಗಳಿಗೆ.

"ನನ್ನ ಸುತ್ತ ಕೂತವರೆಲ್ಲ ಹತ್ತೊಂಬತ್ತು ವರ್ಷದವರು. ಮೇಷ್ಟ್ರು ಹೇಳಿದ್ದು ನನಗೆ ಅರ್ಧವೂ ತಿಳಿಯುವುದಿಲ್ಲ. ವಾಪಸು ಬಂದುಬಿಡಲೆ?" ಎಂದು ಕೊನೆಯ ಸಾಲು.

ಅತ್ತೆಗೆ ಆ ಸಾಲು ಓದಿ ಹೇಳಲಿಲ್ಲ. ಎರಡು ದಿನ ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ನಿಜ ಹೇಳಬೇಕೆಂದರೆ ನನಗೆ 'ಬಂದುಬಿಡಿ' ಎಂದು ಬರೆಯುವ ಆಸೆಯಿತ್ತು. ಆ ಹೊತ್ತಿಗೆ ಮನೆಯಲ್ಲಿ ಮೂಲೆ ಹರಿಯದೆ ಉಳಿದ ಪಂಚಾಂಗ ನೋಡಿದರೂ ಕಣ್ಣು ತುಂಬುತ್ತಿತ್ತು. ಆದರೆ ಸೋತು ಬಂದ ಈ ಮನುಷ್ಯ ಬಿದಿರಿನ ಲಾರಿ ಹೋಗುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತ ಮೂವತ್ತು ವರ್ಷ ಹೇಗೆ ಕಳೆದಾನು? ಕೊನೆಗೆ ಬರೆದೆ: "ಇಲ್ಲಿ ಎಲ್ಲರೂ ಆರಾಮ. ಬಿದಿರು ಇನ್ನೂ ಹೂ ಬಿಟ್ಟಿಲ್ಲ. ಪಾಸು ಮಾಡಿಕೊಂಡೇ ಬರ್ರಿ. ನಾ ಎಲ್ಲಿಗೂ ಹೋಗೂದಿಲ್ಲ."

ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಅತ್ತೆ ದಿನವೂ ಪೋಸ್ಟಿನವನನ್ನು ವಿಚಾರಿಸಿ ವಿಚಾರಿಸಿ, ಕೊನೆಗೆ ಅವನೇ ನಮ್ಮ ಮನೆಯ ಮುಂದೆ ತಲೆ ತಗ್ಗಿಸಿ ಹೋಗುವಂತಾಯಿತು. ಅವನು ಮತ್ತೆ ನಮ್ಮ ಬಾಗಿಲಲ್ಲಿ ನಿಂತಾಗ ಅವನ ಕೈಯಲ್ಲಿ ತಂತಿ ಇತ್ತು. ಒಡೆದು ನೋಡಿದರೆ ಎರಡೇ ಮಾತು: ಪಾಸು, ಬರುತ್ತಿದ್ದೇನೆ.

ಕೊನೆಯ ಪರೀಕ್ಷೆ ಬಾಯಿಮಾತಿನದಂತೆ. ಮೂವರು ಮೇಷ್ಟ್ರುಗಳ ಎದುರು ಒಂದು ತಾಸು ಸ್ಪ್ಯಾನಿಷ್‌ನಲ್ಲಿ ಮಾತಾಡಿ ಗೆದ್ದರು. ಎರಡು ತಿಂಗಳಲ್ಲಿ ಅಷ್ಟು ಭಾಷೆ ಹೇಗೆ ಬಂತೆಂದು ಬಂದ ಮೇಲೆ ಕೇಳಿದೆ. "ಅಲ್ಲೇ ಇದ್ದ ಮ್ಯಾಲ ಬರ್ತೈತಿ ಬಿಡು," ಎಂದು ಹಾರಿಸಿದರು. ಪೆಟ್ಟಿಗೆಯಲ್ಲಿ ನನಗೆಂದು ಸೀರೆಯಿಲ್ಲ, ಬಳೆಯಿಲ್ಲ. ಕಬ್ಬಿನ ಕಾಗದದ ಹಾಳೆಗಳು ಮಾತ್ರ, ಬೇರೆ ಬೇರೆ ದಪ್ಪದವು. "ಇದನ್ನ ತಿಂದು ನೋಡು," ಎಂದು ನನ್ನ ಬಾಯಿಗೂ ಒಂದು ಚೂರು ಹಾಕಿದರು. ರುಚಿ ಏನೂ ಇರಲಿಲ್ಲ. ನಾನು ಚಲೋ ಐತಿ ಎಂದೆ.

ಕಾರ್ಖಾನೆಯ ಒಂದು ಮೂಲೆಯಲ್ಲಿ ಪ್ರಯೋಗ ಶುರುವಾಯಿತು. ಮೊದಲ ಹಾಳೆ ಹಪ್ಪಳದಂತೆ ಪುಡಿಯಾಯಿತು. ಎರಡನೆಯದು ಶಾಯಿ ಕುಡಿಯಿತು. ಆದರೆ ದೀಪಾವಳಿಯ ಹೊತ್ತಿಗೆ, ಬರೆದರೆ ಅಕ್ಷರ ನಿಲ್ಲುವಂಥ ಒಂದು ಹಾಳೆ ಮನೆಗೆ ಬಂತು. ಆ ದಿನ ಇವರು ಅದರ ಮೂಲೆ ಹರಿಯಲಿಲ್ಲ.

ಅದೇ ವಾರ ಮೆಕ್ಸಿಕೋದ ಮನೆಯೊಡತಿಯ ಪತ್ರ ಬಂತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮವರು ಪಡಸಾಲೆಯಲ್ಲಿ ಕೂತು, ಸಾಲಿನ ಮೇಲೆ ಬೆರಳಿಟ್ಟು ಅದನ್ನು ಕನ್ನಡ ಮಾಡುತ್ತ ಓದಿದರು. ಆಕೆಗೆ ಮಂಡಿನೋವು, ಅಲ್ಲಿ ಮಳೆ ಜೋರು, ಬೆಕ್ಕು ಮರಿ ಹಾಕಿದೆ. ನಡುವೆ ಬೆರಳು ನಾಲ್ಕು ಸಾಲು ಹಾರಿ ಕೆಳಗಿಳಿಯಿತು. ನಾನು ನೋಡಿದೆ. ಅತ್ತೆ ಎಲೆ ಅಡಿಕೆಗೆ ಎದ್ದು ಹೋದ ಮೇಲೆ ಕೇಳಿದೆ.

"ಆ ನಾಕು ಸಾಲಿನಾಗ ಏನೈತ್ರಿ?"

"ಏನಿಲ್ಲ. ಹಿಂಗs ಏನರೆ."

"ಹಿಂಗs ಏನರೆ ಇದ್ರ ಓದ್ರಲಾ."

ಅವರು ಎದ್ದು ಹೋಗಿ ನೀರು ಕುಡಿದು ಬಂದರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಮೆಲ್ಲಗೆ ಓದಿದರು.

"ಪರೀಕ್ಷಾ ಸೋತ ಮ್ಯಾಲ ನೀ ದಿನಾ ಸಂಜಿಕೆ ನನ್ನ ಅಡಗಿ ಮನ್ಯಾಗ ಬಂದು ಕುಂಡ್ರತಿದ್ದಿ. ನಿನ್ನ ಹೇಣ್ತಿ ಬಗ್ಗೆ ನನಗ ಹೇಳಬೇಕಂತ ನಿನಗ ಆಶಾ. ಮೊದಲನೇ ದಿನಾ ಮೂರs ಶಬ್ದ ಸಿಕ್ಕವು. ಹೇಳೂದು ಮುಗೀಲಿಲ್ಲ, ಅಷ್ಟರಾಗ ಭಾಷಾ ಬಂದಬಿಡ್ತು. ಆಕೀನ ನಾ ನೋಡಿಲ್ಲ. ಆದ್ರ ದಾರ್‍ಯಾಗ ಕಂಡ್ರ ಗುರ್ತ ಹಿಡೀತೇನಿ."

"ನನ್ನ ಬಗ್ಗೆ ಅಷ್ಟು ಏನು ಹೇಳಿದ್ರಿ?" ಎಂದು ಕೇಳಿದೆ.

"ಅದನ್ನ ಕನ್ನಡದಾಗ ಹೇಳಾಕ ನನಗ ಬರೂದಿಲ್ಲ," ಎಂದರು.

"ಹಂಗಾರ ಆ ಭಾಷಾದಾಗs ಹೇಳ್ರಿ."

ಅವರು ಪತ್ರ ಮಡಿಚಿ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಕೂತರು. ಬಹಳ ಹೊತ್ತು ಹೇಳಿದರು. ನನಗೆ ಒಂದು ಶಬ್ದವೂ ತಿಳಿಯಲಿಲ್ಲ. ನಾನು ಪೂರ್ತಿ ಕೇಳಿದೆ.