ಹುಲ್ಲು ತಿನ್ನುವ ಮಕ್ಕಳಿಗೊಂದು ಬೇಲಿ

ಒಂದು ಕೆಲಸವನ್ನು ಒಂದೇ ಸಲಕ್ಕೆ ಸರಿಯಾಗಿ ಮಾಡಿದ್ದು ನನಗೆ ನೆನಪಿಲ್ಲ ಮಾರಾಯ್ರೆ. ಬಹರೈನಿಗೆ ಬರುವಾಗ ನನ್ನ ತಪ್ಪುಗಳೂ ವೀಸಾ ಮಾಡಿಸಿಕೊಂಡು ಹಿಂದೆಯೇ ಬಂದವು.

ಸಲ್ಮಾಬಾದಿನ ವರ್ಕ್‌ಶಾಪಿನಲ್ಲಿ ಏಳು ವರ್ಷ ಕಿಟಕಿ ಗ್ರಿಲ್ ಮಾಡಿದವ ನಾನು. ಒಂದು ಚಳಿಗಾಲ ನಮ್ಮ ಅರಬಾಬ್, ಅಂದರೆ ಧಣಿ, ಕರೆದು ಹೇಳಿದರು: "ಬೇಲಿ ಕೆಲಸ ಶುರು ಮಾಡ್ತೇನೆ. ಮೊದಲ ಗಿರಾಕಿ ಒಪ್ಪಿದರೆ ನೀನೇ ಇನ್‌ಚಾರ್ಜ್. ಇಲ್ಲದಿದ್ದರೆ ವಾಪಸ್ ಕಿಟಕಿ." ಇನ್‌ಚಾರ್ಜ್ ಆದರೆ ಫ್ಯಾಮಿಲಿ ವೀಸಾ ಸಿಗುತ್ತಿತ್ತು. ಪುತ್ತೂರಿನಲ್ಲಿದ್ದ ಹೆಂಡತಿ ನನ್ನೊಟ್ಟಿಗೆ ಇರಬಹುದಿತ್ತು. ನನಗೆ ಬೇರೆಂತ ಬೇಕು?

೧. ಆಟದ ಬೇಲಿ

ಗಿರಾಕಿ ಒಬ್ಬ ವಯಸ್ಸಾದ ಹಾಜಿ. ಫೋನಿನಲ್ಲಿ ಹರುಕುಮುರುಕು ಹಿಂದಿಯಲ್ಲಿ ಹೇಳಿದರು: "ಮರಳುಗಾಡಿನಲ್ಲಿ ಕ್ಯಾಂಪ್ ಹಾಕ್ತೇವೆ. ಖೇಲ್‌ಗೆ ಬೇಲಿ ಬೇಕು. ಬಿಚ್ಚಿ ಜೋಡಿಸುವಂಥದ್ದು."

ಹಿಂದಿಯಲ್ಲಿ ಖೇಲ್ ಅಂದರೆ ಆಟ. ಸೊಂಟದೆತ್ತರದ ಪ್ಯಾನೆಲ್ ಮಾಡಿ, ಹಳದಿ ಹಸಿರು ಬಣ್ಣ ಬಳಿದು, ಒಂದೊಂದರ ಮೇಲೂ ತಗಡಿನ ಬಾತುಕೋಳಿ ಕೂರಿಸಿದೆ.

ಹಾಜಿ ಬಂದು ನೋಡಿದರು. "ಇದು ಯಾರಿಗೆ?"

"ಮಕ್ಕಳಿಗೆ, ಹಾಜಿ."

"ನನ್ನ ಮಕ್ಕಳು ಹುಲ್ಲು ತಿನ್ತಾರೆ!"

ಅರಬಿಯಲ್ಲಿ ಖೇಲ್ ಅಂದರೆ ಕುದುರೆ ಅಂತ ಅವತ್ತು ಗೊತ್ತಾಯಿತು.

೨. ಭೀಮನ ಬೇಲಿ

"ಈ ಸಲ ಗಟ್ಟಿ ಇರಲಿ" ಎಂದರು ಹಾಜಿ. ದೊಡ್ಡ ಗೇಟಿಗೆ ಹಾಕುವ ಪೈಪನ್ನೇ ಹಾಕಿದೆ. ಕೈ ಅಭ್ಯಾಸ ಬಿಡಬೇಕಲ್ಲ, ಮೇಲೆ ಸಾಲಾಗಿ ಭರ್ಜಿಯ ಮೊನೆಯನ್ನೂ ಇಟ್ಟೆ.

"ಇದೆಂತ?"

"ಕಳ್ಳ ಹತ್ತಬಾರದಲ್ಲ, ಹಾಜಿ."

"ಕುದುರೆಯ ಕಣ್ಣಿಗೆ ಚುಚ್ಚಿದರೆ? ಇರಲಿ, ಒಂದು ಪ್ಯಾನೆಲ್ ಎತ್ತಿ ತೋರಿಸು."

ನಾಲ್ಕು ಜನ ಸೇರಿದರೂ ಅದು ಅಲುಗಲಿಲ್ಲ. ಹಾಜಿ ನಿಟ್ಟುಸಿರು ಬಿಟ್ಟರು. "ಇದನ್ನು ಹೊರಲಿಕ್ಕೆ ಇನ್ನೊಂದು ಕುದುರೆ ಬೇಕು. ಆ ಕುದುರೆಗೆ ಬೇಲಿ ಯಾರು ಮಾಡೋದು, ನೀನಾ?"

ಆವಾಗ ನಿಜಕ್ಕೂ ಹೆದರಿಕೆಯಾಯಿತು. ಕಾಲಿಂಗ್ ಕಾರ್ಡಿನ ನಂಬರ್ ಉಜ್ಜಿ ತೆಗೆದು ಹೆಂಡತಿಗೆ ಫೋನ್ ಮಾಡಿದೆ. ಅವಳು ಹೇಳಿದ್ದು ಇಷ್ಟೇ: "ಒಬ್ಬನಿಗೆ ಎತ್ತಲಿಕ್ಕೆ ಆಗುವಷ್ಟೇ ಭಾರ ಮಾಡಿ ಮಾರಾಯ್ರೆ. ಕುದುರೆ ನೋಡಿಕೊಳ್ಳುವವನಿಗೂ ಸೊಂಟ ಅಂತ ಒಂದು ಉಂಟಲ್ಲ?"

೩. ಚಿಲಕ

ಮೂರನೆಯ ಸಲ ಹಗುರ ಪೈಪು, ದುಂಡಗಿನ ಅಂಚು. ಸಖೀರಿನ ಮರಳುಗಾಡಿನಲ್ಲಿ, ಹಾಜಿಯ ಕ್ಯಾಂಪಿನಲ್ಲಿ, ನಾನೊಬ್ಬನೇ ಹತ್ತು ನಿಮಿಷದಲ್ಲಿ ಜೋಡಿಸಿದೆ. ಹಾಜಿ ತಲೆದೂಗಿದರು. ಅಷ್ಟರಲ್ಲಿ ಒಳಗೆ ಬಿಟ್ಟಿದ್ದ ಕುದುರೆ ತುಟಿಯಿಂದಲೇ ಚಿಲಕ ಸರಿಸಿ, ಸೀದಾ ಟೆಂಟಿಗೆ ಹೋಗಿ ಹಾಜಿಯ ಖರ್ಜೂರ ಖಾಲಿ ಮಾಡಿತು.

"ನಾಳೆ ಕೊನೆಯ ಚಾನ್ಸ್" ಎಂದರು ಹಾಜಿ.

ಮರುದಿನ ಬಾಗಿಲು ಎಳೆದರೆ ತಾನೇ ಬೀಳುವ ಹೊಸ ಚಿಲಕವನ್ನು ಹೊರಗಡೆ, ಕುದುರೆಯ ಬಾಯಿಗೆ ಸಿಗದಷ್ಟು ಕೆಳಗೆ ಹಾಕಿದೆ. ಪರೀಕ್ಷೆ ಮಾಡೋಣವೆಂದು ಕುದುರೆಯೊಟ್ಟಿಗೆ ನಾನೂ ಒಳಗೆ ನಿಂತು ಬಾಗಿಲು ಎಳೆದುಕೊಂಡೆ. ಟಕ್! ಕುದುರೆ ಪ್ರಯತ್ನಿಸಿತು, ಆಗಲಿಲ್ಲ. ನಾನು ಪೈಪಿನ ನಡುವೆ ಕೈ ತೂರಿಸಿ ಪ್ರಯತ್ನಿಸಿದೆ, ಎಟುಕದೆ ನನಗೂ ಆಗಲಿಲ್ಲ. ಹತ್ತಿ ಹಾರೋಣವೆಂದರೆ ಹೊಟ್ಟೆ ಬಿಡಲಿಲ್ಲ. ಹಾಜಿ ನಮಾಜು ಮುಗಿಸಿ ಬರುವ ತನಕ ಕುದುರೆ ನನ್ನ ಟೊಪ್ಪಿ ಅಗಿಯುತ್ತಾ ನಿಂತಿತ್ತು.

ಹಾಜಿ ನೋಡಿ ಬಿದ್ದು ಬಿದ್ದು ನಕ್ಕರು. "ಕುದುರೆಗೂ ಆಗಲಿಲ್ಲ, ಮಾಡಿದವನಿಗೂ ಆಗಲಿಲ್ಲ! ಪಾಸ್! ಮೊಮ್ಮಕ್ಕಳಿಗೆ ಆ ಬಾತುಕೋಳಿ ಬೇಲಿಯೂ ಇರಲಿ."

ಖುಷಿ ತಡೆಯಲಿಕ್ಕಾಗದೆ ಅಲ್ಲಿಂದಲೇ ಹೆಂಡತಿಗೆ ಫೋನ್ ಮಾಡಿದೆ. "ಇನ್‌ಚಾರ್ಜ್ ಆದೆ! ನೀನು ಬರ್ತಿ ಮಾರಾಯ್ತಿ!" ಅವಳು ಅತ್ತಳು. ಆಮೇಲೆ ಕತೆಯೆಲ್ಲ ಕೇಳಿ ಮೂಗು ಒರೆಸಿಕೊಂಡು ಹೇಳಿದಳು:

"ಒಳಗಿಂದ ನಿಮಗೆ ತೆಗೆಯಲಿಕ್ಕೆ ಬಾರದ ಆ ಚಿಲಕ ಉಂಟಲ್ಲ, ಮನೆ ಬಾಗಿಲಿಗೂ ಅದನ್ನೇ ಹಾಕಿಸಿ. ಏಳು ವರ್ಷ ತಪ್ಪಿಸಿಕೊಂಡದ್ದು ಸಾಕು."