ಇಪ್ಪತ್ತು ಚಿನ್ನದ ನಾಣ್ಯ ಮತ್ತು ನನ್ನ ಚೌಕಾಸಿ

ಶ್ರೀನಿವಾಸಪುರದ ಪೇಟೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನಾದರೂ ಅಂಗಡಿಯವರು ಹೇಳಿದ ಬೆಲೆಗೆ ನಾನು ಕೊಂಡಿದ್ದೇನೆ ಎಂದು ಯಾರಾದರೂ ರುಜುವಾತು ಮಾಡಿದರೆ, ನನ್ನ ಬಿ.ಎಸ್ಸಿ. ಪದವಿಯನ್ನು ವಾಪಸ್ ಕೊಟ್ಟುಬಿಡುತ್ತೇನೆ!

ನನ್ನ ವಿಧಾನ ಬಹಳ ಸರಳ. ಅಂಗಡಿಯವನು ಹೇಳಿದ್ದರಲ್ಲಿ ಅರ್ಧಕ್ಕೆ ಕೇಳುವುದು. ಅವನು ಕಿವಿ ಕೇಳಿಸದವನ ಹಾಗೆ ತಕ್ಕಡಿ ಒರೆಸುತ್ತಾನೆ. ಆಗ ನಾನು ಚೀಲ ಮಡಚಿಕೊಂಡು ಹೊರಟುಬಿಡುವುದು. ಹತ್ತು ಹೆಜ್ಜೆ ಅಷ್ಟೇ. ಹನ್ನೊಂದನೆಯ ಹೆಜ್ಜೆಗೆ ಹಿಂದಿನಿಂದ "ರಾಮ್ಮಾ ಟೀಚರಮ್ಮಾ, ತೀಸ್ಕೊನಿ ಪೋಮ್ಮಾ!" ಅಂತ ತೆಲುಗಿನಲ್ಲಿ, ಬಾರಮ್ಮಾ, ತಗೊಂಡೇ ಹೋಗಮ್ಮಾ ಅನ್ನುವ ಕೂಗು ಬಂದೇ ಬರುತ್ತದೆ. ಈ ವಿದ್ಯೆಯಿಂದಾಗಿ ಅಕ್ಕಪಕ್ಕದವರು ಮದುವೆ ಜವಳಿ ತೆಗೆಯಲು ಕೋಲಾರಕ್ಕೆ ಹೊರಟರೆ ನನ್ನನ್ನು ಬಿಟ್ಟು ಹೋಗುತ್ತಿರಲಿಲ್ಲ. ನನಗೂ ಅದರ ಬಗ್ಗೆ ಜಂಬ ಇತ್ತು. ಇಲ್ಲ ಅಂತ ಯಾಕೆ ಹೇಳಲಿ?

ಎಂಬತ್ತರ ದಶಕದ ನಡುವಿನಲ್ಲಿ ನಾನು ಪಾಠ ಮಾಡುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಒಂದು ಕಂಪ್ಯೂಟರ್ ಬಂತು. ಒಂದು ಟೀವಿ, ಟೈಪ್‌ರೈಟರಿನಂಥ ಒಂದು ಹಲಗೆ, ಪಕ್ಕಕ್ಕೆ ಒಂದು ಟೇಪ್ ರೆಕಾರ್ಡರ್. ಗಣಿತದ ಟೀಚರ್ ಅನ್ನುವ ಒಂದೇ ಅಪರಾಧಕ್ಕೆ ನನ್ನನ್ನು ಬೆಂಗಳೂರಿಗೆ ಹತ್ತು ದಿನ ತರಬೇತಿಗೆ ಕಳಿಸಿದರು. ಬರುವಾಗ ಮೂರು ಕ್ಯಾಸೆಟ್ ಕೊಟ್ಟರು. ಒಂದರಲ್ಲಿ ಲೆಕ್ಕದ ಪಾಠ, ಒಂದರಲ್ಲಿ ಭೂಗೋಳ, ಮೂರನೆಯದರಲ್ಲಿ ಒಂದು ಸಾಹಸದ ಆಟ.

ಶಾಲೆಯಲ್ಲಿಟ್ಟರೆ ಇಲಿ ಕಡಿಯುತ್ತವೆ ಅಂತ ಕ್ಯಾಸೆಟ್ಟುಗಳನ್ನು ಭದ್ರವಾಗಿ ಮನೆಗೆ ತಂದೆ. ಇದು ನನ್ನ ಮೊದಲನೆಯ ಬುದ್ಧಿವಂತಿಕೆ!

ನಮ್ಮ ಯಜಮಾನರು ಮಾವಿನಕಾಯಿ ಮಂಡಿಯಲ್ಲಿ ಗುಮಾಸ್ತರು. ಅವರು ಕ್ಯಾಸೆಟ್ ಹಾಕಿ ಕೇಳಿದ್ದಾರೆ. ಬರೀ "ಕೀಂ... ಕರ್ರ್..." ಅಂತ ಶಬ್ದ. ಪಾಪ, ಹಾಳಾಗಿವೆ ಅಂದುಕೊಂಡು ಎರಡರ ಮೇಲೆ ನಮ್ಮತ್ತೆಯ ಕೈಲಿ ದೇವರನಾಮ ಹೇಳಿಸಿ ರೆಕಾರ್ಡ್ ಮಾಡಿಬಿಟ್ಟರು. ಮಾರನೇ ದಿನ ಶಾಲೆಯಲ್ಲಿ ಹೆಡ್ ಮೇಡಂ, ನಲವತ್ತು ಹುಡುಗಿಯರ ಎದುರಿಗೆ ನಾನು ಗಂಭೀರವಾಗಿ ಲೆಕ್ಕದ ಕ್ಯಾಸೆಟ್ ಹಾಕಿದೆ. ಟೇಪಿನೊಳಗಿಂದ ನಮ್ಮತ್ತೆ ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಶುರು ಮಾಡ್ಲೇನೋ?" ಅಂತ ಕೇಳಿದರು. ಹೆಡ್ ಮೇಡಂ ಕೈಮುಗಿದು ನಿಂತರು.

ಕೊನೆಗೆ ಉಳಿದದ್ದು ಸಾಹಸದ ಆಟವೊಂದೇ.

ಆಟದಲ್ಲಿ ಚಿತ್ರಗಿತ್ರ ಏನೂ ಇಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಸಾಲುಗಳು ಬರುತ್ತವೆ, ನಾವು ಇಂಗ್ಲಿಷಿನಲ್ಲೇ ಉತ್ತರ ಟೈಪ್ ಮಾಡಬೇಕು. ಕೋಟೆಯೊಳಗೆ ಒಂದು ಕಿರೀಟವಿದೆ, ಅದನ್ನು ತರಬೇಕು. "ನಿಮ್ಮ ಚೀಲದಲ್ಲಿ ಇಪ್ಪತ್ತು ಚಿನ್ನದ ನಾಣ್ಯಗಳಿವೆ. ನೀವು ಒಂದು ಅಂಗಡಿಯ ಮುಂದೆ ನಿಂತಿದ್ದೀರಿ. ದೀಪಕ್ಕೆ ಎಂಟು ನಾಣ್ಯ. ಹಗ್ಗಕ್ಕೆ ಐದು."

ಎಂಟಂತೆ! ನನಗೆ ಮೈ ಉರಿದುಹೋಯಿತು. "ದೀಪಕ್ಕೆ ನಾಲ್ಕು ಕೊಡ್ತೀನಿ" ಅಂತ ಟೈಪ್ ಮಾಡಿದೆ.

"ನಿಮ್ಮ ಮಾತು ನನಗೆ ತಿಳಿಯಲಿಲ್ಲ" ಅಂತ ಉತ್ತರ ಬಂತು.

"ನೋಡ್ರೇ, ಎಲ್ಲಾ ಅಂಗಡಿಯವರೂ ಮೊದಲು ಹೀಗೇ ಕಿವುಡರಾಗ್ತಾರೆ" ಅಂತ ಹುಡುಗಿಯರಿಗೆ ವಿವರಿಸಿದೆ. ನಾಲ್ಕೂವರೆ ನಾಣ್ಯಕ್ಕೆ ಕೇಳಿದೆ. ತಿಳಿಯಲಿಲ್ಲ. ಐದಕ್ಕೆ ಕೇಳಿದೆ. ತಿಳಿಯಲಿಲ್ಲ. ಸರಿ, "ನಾನು ಹೊರಟೆ" ಅಂತ ಒತ್ತಿದೆ. "ನೀವು ಅಂಗಡಿಯಿಂದ ಹೊರಬಂದಿರಿ. ಮುಂದೆ ಕತ್ತಲೆಯ ಕಾಡಿದೆ" ಅಂತ ಬಂತು. ನಾನು ಕೈಕಟ್ಟಿ ಕುಳಿತೆ.

"ಮಿಸ್, ಮುಂದೆ ಒತ್ತಿ" ಅಂದಳೊಬ್ಬಳು.

"ಇರೇ, ಈಗ ಕರೀತಾನೆ."

ಐದು ನಿಮಿಷ ಕಾದೆವು. ಹತ್ತು ನಿಮಿಷ ಕಾದೆವು. ಬೆಲ್ ಹೊಡೆಯಿತು. ಆ ಮಹಾರಾಯ ಕರೆಯಲೇ ಇಲ್ಲ! ಅವಮಾನ ತಡೆಯಲಾರದೆ ದೀಪವಿಲ್ಲದೆಯೇ ಕಾಡಿಗೆ ನುಗ್ಗಿ ಹಾಳುಬಾವಿಗೆ ಬಿದ್ದೆ. "ನೀವು ಸತ್ತಿರಿ. ನಿಮ್ಮ ಬಳಿ ಉಳಿದಿರುವ ನಾಣ್ಯಗಳು: ಇಪ್ಪತ್ತು."

"ನೋಡಿದ್ರಾ! ಒಂದು ನಾಣ್ಯಾನೂ ಕಳಕೊಳ್ಳಲಿಲ್ಲ!" ಅಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಮುಂದಿನ ವಾರ ಮನಸ್ಸನ್ನು ಕಲ್ಲು ಮಾಡಿಕೊಂಡು ದೀಪ ಕೊಂಡೆ. ಕಾಡು ದಾಟಿದರೆ ಹೊಳೆ. ದೋಣಿಯವನು ಮೂರು ನಾಣ್ಯ ಕೇಳಿದ. ದಡದಿಂದ ದಡಕ್ಕೆ ಮೂರು ಚಿನ್ನದ ನಾಣ್ಯ! ಇದೇನು ಹಗಲುದರೋಡೆ? ನಡೆದೇ ಹೋಗೋಣ ಅಂತ ನೀರಿಗಿಳಿದೆ. ನಾನು ಕೋಲಾರ ಜಿಲ್ಲೆಯವಳು. ನಮಗೆ ಕೆರೆ ಗೊತ್ತು, ಹೊಳೆ ಏನು ಗೊತ್ತು? ಬೇಸಿಗೆಯ ನಮ್ಮೂರ ಕೆರೆಯ ಹಾಗೆ ಮೊಣಕಾಲುದ್ದ ಇರುತ್ತದೆ ಅಂದುಕೊಂಡಿದ್ದೆ. ಮುಳುಗಿದೆ. ಹನ್ನೆರಡು ನಾಣ್ಯವೂ ನನ್ನ ಜೊತೆಗೇ ಮುಳುಗಿದವು.

ಹೀಗೆ ನಾನು ನೆಮ್ಮದಿಯಾಗಿ ದಿನಕ್ಕೊಂದು ಸಲ ಸಾಯುತ್ತಿದ್ದಾಗ ಹೆಡ್ ಮೇಡಂ ಒಂದು ಕಾಗದ ಹಿಡಿದು ಓಡಿಬಂದರು. ಕೋಲಾರದಿಂದ ವಿದ್ಯಾ ಇಲಾಖೆಯ ಸಾಹೇಬರು ಶನಿವಾರ ತಪಾಸಣೆಗೆ ಬರುತ್ತಾರಂತೆ. ಕಂಪ್ಯೂಟರಿನಲ್ಲಿ ಯಾವುದಾದರೂ ಒಂದು ಕಾರ್ಯಕ್ರಮವನ್ನು ಮೊದಲಿಂದ ಕೊನೆಯವರೆಗೆ ನಡೆಸಿ ತೋರಿಸಬೇಕಂತೆ. ಆಗದಿದ್ದರೆ ಯಂತ್ರವನ್ನು ಮಾಲೂರಿನ ಶಾಲೆಗೆ ಕೊಟ್ಟುಬಿಡುತ್ತಾರಂತೆ.

ಗೌನಿಪಲ್ಲಿ ಕಡೆಯಿಂದ ಬರುವ ಹುಡುಗಿಯರು ಈ ಯಂತ್ರಕ್ಕಾಗಿ ಮೊದಲನೇ ಬಸ್ಸಿಗೇ ಬಂದು ಕೊಠಡಿಯ ಬಾಗಿಲಲ್ಲಿ ಕಾಯುತ್ತಿದ್ದರು. ಇಂಗ್ಲಿಷ್ ಅಂದರೆ ಹೊಟ್ಟೆನೋವು ಬರುತ್ತಿದ್ದವರು ಈಗ ಪರದೆಯ ಮೇಲಿನ ಸಾಲುಗಳನ್ನು ನನಗಿಂತ ಮುಂಚೆ ಓದುತ್ತಿದ್ದರು. ಅದನ್ನು ಲಾರಿಗೆ ಹೇರಿ ಮಾಲೂರಿಗೆ ಕಳಿಸುವುದನ್ನು ನೆನೆಸಿಕೊಂಡರೇ ನನಗೆ ಅಳು ಬರುತ್ತಿತ್ತು.

ಸಂಜೆ ಕಾಫಿ ಕುಡಿಯುತ್ತ ಯಜಮಾನರ ಹತ್ತಿರ ಎಲ್ಲ ಹೇಳಿಕೊಂಡೆ.

"ಅಲ್ಲ ಕಣೇ, ನಮ್ಮ ಮಂಡೀಲಿ ಟವೆಲ್ ಕೆಳಗೆ ಬೆರಳು ಹಿಡ್ಕೊಂಡು ವ್ಯಾಪಾರ ಮಾಡೋಕೂ ಎದುರಿಗೆ ಒಬ್ಬ ಮನುಷ್ಯ ಬೇಕು. ಆ ಪೆಟ್ಟಿಗೇಲಿ ಯಾರಿದ್ದಾನೆ?" ಅಂದರು.

"ಅಂಗಡಿಯವನಿದ್ದಾನಲ್ಲ ರೀ!"

"ಅವನಿಗೆ ಹೆಂಡತಿ ಮಕ್ಕಳಿದ್ದಾರಾ? ಸಾಲಸೋಲ ಇದೆಯಾ? ಸಂಜೆಗೆ ಹಣ್ಣು ಕೊಳೆತುಹೋಗುತ್ತೆ ಅನ್ನೋ ಭಯ ಇದೆಯಾ? ಏನೂ ಇಲ್ಲದವನು ಯಾಕೆ ಬಗ್ತಾನೆ? ಸುಮ್ನೆ ಕೇಳಿದಷ್ಟು ಕೊಟ್ಟು ಬಾ."

"ಇಪ್ಪತ್ತನ್ನೂ ಕೊಟ್ಟುಬಿಡ್ಲಾ? ಕಷ್ಟಕಾಲಕ್ಕೆ ಅಂತ ಎರಡಾದ್ರೂ ಬೇಡ್ವಾ?"

"ಆಟ ಮುಗಿದ ಮೇಲೆ ಅದರಲ್ಲಿ ಒಂದು ಬೀಡಿ ಬರುತ್ತೇನೇ?" ಅಂದರು. ಆಮೇಲೆ ನಮ್ಮತ್ತೆಯನ್ನು ಸಾಕ್ಷಿಗೆ ಕರೆದು, ದೇವರ ದೀಪದ ಮುಂದೆ ನನ್ನ ಕೈಲಿ ಪ್ರಮಾಣ ಮಾಡಿಸಿದರು. "ನಾನು ಕಂಪ್ಯೂಟರಿನೊಳಗೆ ಚೌಕಾಸಿ ಮಾಡುವುದಿಲ್ಲ." ಲೋಕದಲ್ಲಿ ಇಂಥ ಪ್ರಮಾಣ ಮಾಡಿದ ಮೊದಲನೆಯ ಹೆಂಗಸು ನಾನೇ ಇರಬೇಕು!

ಶನಿವಾರ ಸಾಹೇಬರು ಬಂದರು. ಸಫಾರಿ ಸೂಟು, ಕೈಯಲ್ಲಿ ಫೈಲು, ಮುಖದಲ್ಲಿ ನಗುವಿನ ಲವಲೇಶವಿಲ್ಲ. ಟೇಪು ಹತ್ತು ನಿಮಿಷ ತಿರುಗಿ ಆಟ ಶುರುವಾಯಿತು. ಅಂಗಡಿ ಬಂತು. ದೀಪ, ಎಂಟು ನಾಣ್ಯ. ನಾನು ಕಣ್ಣುಮುಚ್ಚಿ ಪ್ರಮಾಣ ನೆನೆಸಿಕೊಂಡೆ. ಅಷ್ಟರಲ್ಲಿ ಹೆಡ್ ಮೇಡಂ ಕಿವಿಯ ಹತ್ತಿರ ಬಗ್ಗಿ, "ಎಂಟು ಜಾಸ್ತಿ ಆಯ್ತಲ್ಲಾ ರೀ?" ಅಂದರು.

"ಸುಮ್ನಿರಿ ಮೇಡಂ, ದಮ್ಮಯ್ಯ!" ಅಂದೆ.

ದೀಪಕ್ಕೆ ಎಂಟು ಕೊಟ್ಟೆ. ಹಗ್ಗಕ್ಕೆ ಐದು ಕೊಟ್ಟೆ. ಒಂದೊಂದು ಸಲವೂ ಯಾರೋ ನನ್ನ ಬಳೆ ಬಿಚ್ಚಿಕೊಂಡ ಹಾಗಾಯಿತು. ದೋಣಿಯವನಿಗೆ ಮೂರು ಕೊಟ್ಟು ಮಹಾರಾಣಿಯಂತೆ ಹೊಳೆ ದಾಟಿದೆ. ಹಗ್ಗ ಹಿಡಿದು ಗೋಡೆ ಹತ್ತಿದೆ. ಕೋಟೆಯೊಳಗಿನ ಬಾಗಿಲು ಬಂತು. "ಕಾವಲುಗಾರ ನಾಲ್ಕು ನಾಣ್ಯ ಕೇಳುತ್ತಿದ್ದಾನೆ. ಅವನ ಹಿಂದೆ ಕಿರೀಟ ಹೊಳೆಯುತ್ತಿದೆ. ನಿಮ್ಮ ಬಳಿ ನಾಲ್ಕು ನಾಣ್ಯಗಳಿವೆ."

ಹುಡುಗಿಯರು ಪರದೆಯ ಹತ್ತಿರಕ್ಕೆ ಸರಿದರು. ಸಾಹೇಬರೂ ಕುರ್ಚಿಯಲ್ಲಿ ಮುಂದಕ್ಕೆ ಬಂದರು. ನಾಲ್ಕು ಕೊಟ್ಟರೆ ಮುಗಿಯಿತು.

ಆದರೆ ನನ್ನ ತಲೆಗೆ ಒಂದು ಯೋಚನೆ ಹೊಕ್ಕಿತು. ಇದ್ದ ನಾಲ್ಕನ್ನೂ ಕೊಟ್ಟರೆ ವಾಪಸ್ ಬರುವಾಗ ದೋಣಿಯವನಿಗೆ ಏನು ಕೊಡುವುದು? ಬಸ್‌ಚಾರ್ಜ್ ತೆಗೆದಿಡದೆ ನಾನು ಯಾವತ್ತೂ ಪೇಟೆಯಲ್ಲಿ ಪರ್ಸ್ ಬಿಚ್ಚಿದವಳಲ್ಲ. ಕಿರೀಟ ಹೊತ್ತುಕೊಂಡು ಹೊಳೆಯ ದಡದಲ್ಲಿ ಯಾರ ಹತ್ತಿರ ಕೈಚಾಚಲಿ? ಇದು ಚೌಕಾಸಿ ಅಲ್ಲ, ಮುಂದಾಲೋಚನೆ. ಪ್ರಮಾಣಕ್ಕೆ ಭಂಗವಿಲ್ಲ!

"ಒಂದು ನಾಣ್ಯ ತಗೋ, ಮೂರು ದೋಣಿಗೆ ಬೇಕು" ಅಂತ ಒತ್ತಿದೆ.

"ನಿಮ್ಮ ಮಾತು ನನಗೆ ತಿಳಿಯಲಿಲ್ಲ."

ನನಗೆ ಕೋಪ ಬಂತು. ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದೆ. "ಕಾವಲುಗಾರ ನಿಮ್ಮನ್ನು ಸೆರೆಮನೆಗೆ ಹಾಕಿದ್ದಾನೆ. ಆಟ ಮುಗಿಯಿತು. ಉಳಿದಿರುವ ನಾಣ್ಯಗಳು: ನಾಲ್ಕು."

ಸಾಹೇಬರು ಫೈಲು ಬಿಚ್ಚಿದರು. "ಮಾಲೂರಿನವರು ಲಾರಿ ಸಿದ್ಧ ಮಾಡಿಟ್ಟುಕೊಂಡಿದ್ದಾರೆ" ಅಂದರು. ಹೆಡ್ ಮೇಡಂ ಗೋಡೆ ಹಿಡಿದುಕೊಂಡರು. ನಾಲ್ಕು ನಾಣ್ಯ ಉಳಿಸಲು ಹೋಗಿ ಶಾಲೆಯ ಕಂಪ್ಯೂಟರನ್ನೇ ಕಳೆದಿದ್ದೆ. ಎಂಥ ದಡ್ಡಿ ನಾನು!

ಆಗ ಒಂಬತ್ತನೇ ಕ್ಲಾಸಿನ ನಸೀಮಾ ಎದ್ದು ನಿಂತಳು. ಅವರಪ್ಪನದು ಪೇಟೆಯಲ್ಲಿ ಬಳೆ ಅಂಗಡಿ. "ಸಾರ್, ನಾನೊಂದ್ ಸಲ ಆಡ್ಲಾ?" ಅಂದಳು.

ಸಾಹೇಬರು ವಾಚು ನೋಡಿ, "ಐದು ನಿಮಿಷ" ಅಂದರು.

ನಸೀಮಾ ಕುಳಿತಳು. ಎಂಟು ಕೊಟ್ಟಳು. ಐದು ಕೊಟ್ಟಳು. ಮೂರು ಕೊಟ್ಟಳು. ನಾಲ್ಕು ಕೊಟ್ಟಳು. ಒಂದು ಮಾತಿಲ್ಲ, ಕತೆಯಿಲ್ಲ! ಕಿರೀಟ ಸಿಕ್ಕಿತು. "ಕಿರೀಟವನ್ನು ಕಂಡ ದೋಣಿಯವನು ನಮಸ್ಕರಿಸಿ, ನಿಮ್ಮನ್ನು ಬಿಟ್ಟಿಯಾಗಿ ಹೊಳೆ ದಾಟಿಸಿದ. ನೀವು ಗೆದ್ದಿರಿ. ಉಳಿದಿರುವ ನಾಣ್ಯಗಳು: ಸೊನ್ನೆ."

ಬಿಟ್ಟಿಯಾಗಿ! ಅದನ್ನು ಓದಿ ನನಗಾದ ಸಂಕಟ ಬಾವಿಗೆ ಬಿದ್ದಾಗಲೂ ಆಗಿರಲಿಲ್ಲ.

ಹುಡುಗಿಯರು ಕುಣಿದಾಡಿದರು. ಸಾಹೇಬರ ಮುಖ ಸಡಿಲವಾಯಿತು. "ಶಭಾಷ್! ಅಲ್ಲಮ್ಮಾ, ನೀನು ನಿಮ್ಮ ಮಿಸ್ ಹಾಗೆ ಕಡಿಮೆಗೆ ಕೇಳಲಿಲ್ಲವಲ್ಲ?" ಅಂದರು.

"ಮಿಸ್ ಬರ್ತಾರೆ ಅಂತ ಆ ಅಂಗಡಿಯವನಿಗೆ ಗೊತ್ತಿಲ್ಲವಲ್ಲ ಸಾರ್. ಅದಕ್ಕೇ ಅವನು ಸರಿಯಾದ ಬೆಲೇನೇ ಹೇಳಿದ್ದ."

"ಹಾಗಂದ್ರೆ?"

"ನಮ್ಮ ಅಬ್ಬಾ, ಮಿಸ್ ದೂರದಲ್ಲಿ ಬರೋದು ಕಂಡ ತಕ್ಷಣ ಎಲ್ಲದಕ್ಕೂ ಎರಡರಷ್ಟು ಬೆಲೆ ಹೇಳ್ತಾರೆ ಸಾರ್. ಮಿಸ್ ಅರ್ಧಕ್ಕೆ ಕೇಳ್ತಾರೆ, ಅಬ್ಬಾ ಸ್ವಲ್ಪ ಮುಖ ಸಣ್ಣ ಮಾಡ್ಕೊಂಡು ಕೊಟ್ಟುಬಿಡ್ತಾರೆ. ಪೇಟೇಲಿ ಎಲ್ಲಾರೂ ಹಂಗೇ ಮಾಡೋದು" ಅಂದಳು ನಸೀಮಾ, ಪಾಪ, ಒಂದು ಚೂರೂ ಕೆಟ್ಟ ಮನಸ್ಸಿಲ್ಲದೆ.

ಹದಿನಾಲ್ಕು ವರ್ಷದ ನನ್ನ ಕೀರ್ತಿ ನಲವತ್ತು ಹುಡುಗಿಯರು, ಒಬ್ಬ ಸರ್ಕಾರಿ ಅಧಿಕಾರಿಯ ಸಮ್ಮುಖದಲ್ಲಿ ಮಣ್ಣುಪಾಲಾಯಿತು. ಕೊತ್ತಂಬರಿ ಸೊಪ್ಪಿನವಳು ಕೂಡ! ನಾನು ಸೆರಗಿನಿಂದ ಮುಖ ಒರೆಸಿಕೊಂಡು ಕಂಪ್ಯೂಟರಿನ ಕೀಲಿಗಳನ್ನು ನೋಡುತ್ತ ನಿಂತೆ. ಆದರೂ ಒಳಗೊಳಗೇ ಸಂತೋಷವಾಗಿತ್ತು. ಪರದೆಯ ಮುಂದೆ ಹುಡುಗಿಯರು ನಸೀಮಾಳನ್ನು ಎತ್ತಿಕೊಳ್ಳುವುದೊಂದು ಬಾಕಿ.

ಸಾಹೇಬರು ವರದಿ ಬರೆದು ಗಟ್ಟಿಯಾಗಿ ಓದಿದರು. "ಯಂತ್ರವು ಇದೇ ಶಾಲೆಯಲ್ಲಿ ಉಳಿಯತಕ್ಕದ್ದು. ವಿದ್ಯಾರ್ಥಿನಿಯರು ಅದನ್ನು ಸಮರ್ಪಕವಾಗಿ ಬಳಸುತ್ತಿರುತ್ತಾರೆ. ಅವರು ಬಳಸುವ ಸಮಯದಲ್ಲಿ ಗಣಿತದ ಶಿಕ್ಷಕಿಯವರು ಯಂತ್ರದಿಂದ ಮೂರು ಅಡಿ ದೂರದಲ್ಲಿ ಕುಳಿತಿರತಕ್ಕದ್ದು."

"ಸಾರ್, ಮೂರು ಜಾಸ್ತಿ ಆಯ್ತು. ಒಂದೂವರೆ ಮಾಡ್ಕೊಳ್ಳಿ" ಅಂದೆ.

ಸಾಹೇಬರು ನನ್ನನ್ನು ಒಂದು ಸಲ ನೋಡಿದರು. ಮುಚ್ಚಿದ್ದ ಪೆನ್ನನ್ನು ಮತ್ತೆ ಬಿಚ್ಚಿ, ‘ಮೂರು’ ಹೊಡೆದುಹಾಕಿ, ‘ಆರು’ ಅಂತ ಬರೆದು ಸಹಿ ಹಾಕಿದರು.