ಎರಡನೇ ತರಗತಿಗೆ ಸೇರಿದ ಮಾವ

ನಮ್ಮ ಮಾವನವರು ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಎರಡನೇ ತರಗತಿಗೆ ಸೇರಿದರು. ಅದೂ ಮಲೇಷ್ಯಾದ ಇಂಗ್ಲಿಷ್ ಶಾಲೆಗೆ, ಪಂಚೆ ಉಟ್ಟುಕೊಂಡು! ನಂಬುವುದಿಲ್ಲವೇ? ಹಾಜರಿಯಲ್ಲಿ ಮಾತ್ರ ನನ್ನ ಮಗಳು ಪುಟ್ಟಿಯ ಹೆಸರಿತ್ತು, ಅಷ್ಟೇ.

ಅತ್ತೆ ತೀರಿಕೊಂಡ ಮೇಲೆ ಮಾವ ಉಡುಪಿಯಿಂದ ಪುಚೊಂಗಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಚೈತ್ರ ಬಹುಳ ಪಂಚಮಿಗೆ ಅತ್ತೆಯ ವರ್ಷಾಂತಿಕ. ಅಷ್ಟರೊಳಗೆ ಮಗನನ್ನು ಕರೆದುಕೊಂಡು ಹೋಗಿ, ಅವರು ಬಾಳಿದ ಮನೆಯಲ್ಲೇ ಮಾಡಿಸಬೇಕೆಂಬುದು ಮಾವನ ಒಂದೇ ಹಟ. ಟಿಕೆಟ್ಟೂ ಆಗಿತ್ತು. ಕೊರೊನಾ ಬಂತು, ವಿಮಾನ ನಿಂತಿತು. ಮಾವ ಮತ್ತೆ ಅತ್ತೆಯ ಹೆಸರೆತ್ತಲಿಲ್ಲ. ಪುಟ್ಟಿಯ ಆನ್‌ಲೈನ್ ಕ್ಲಾಸಿನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು.

ಆಗ ನಡೆಯುತ್ತಿದ್ದುದು ಒಬ್ಬೊಬ್ಬರ ಮನೆಯ ಪದ್ಧತಿಯ ಪಾಠ. ಪುಟ್ಟಿಯ ಗೆಳತಿ ಟಾಲಿಯಾಳದು ಅರ್ಜೆಂಟೀನಾದಿಂದ ಬಂದ ಯಹೂದಿ ಕುಟುಂಬ. ಅಪ್ಪನಿಗೆ ಇಲ್ಲೇ ಹತ್ತಿರದ ಸೈಬರ್‌ಜಯಾದಲ್ಲಿ ಕೆಲಸ. ಅವಳಮ್ಮ ತನ್ನ ಅಡುಗೆಮನೆಯನ್ನೇ ತೆರೆದು ತೋರಿಸಿದಳು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ, ಸೌಟೂ ಬೇರೆ!

ಮಾವನ ತಲೆ ತೆರೆಯೊಳಗೆ ನುಗ್ಗಿತು. “ಮೇಡಂ, ಒನ್ ಡೌಟ್! ಆ ಸೌಟು ಈ ಪಾತ್ರೆಗೆ ಟಚ್ ಆದ್ರೆ?”

“ಬಿಗ್ ಪ್ರಾಬ್ಲಂ, ಅಂಕಲ್!”

“ಕೇಳಿದ್ಯಾ ಮಾರಾಯ್ತಿ?” ಮಾವ ನನ್ನತ್ತ ತಿರುಗಿ ಕೂಗಿದರು. “ಇವರಲ್ಲೂ ಮುಸುರೆ ಉಂಟು!”

ಅನ್ನ ಮುಟ್ಟಿದ ಕೈ ಮೊಸರಿನ ಪಾತ್ರೆಗೆ ತಾಗಿದರೆ ಮುಸುರೆ, ಮೊದಲು ಕೈ ತೊಳೆ ಎಂದು ಮದುವೆಯಾದ ದಿನದಿಂದ ನನ್ನನ್ನು ಗೋಳು ಹೊಯ್ದುಕೊಂಡ ಮನುಷ್ಯನಿಗೆ ಭೂಮಿಯ ಇನ್ನೊಂದು ತುದಿಯಿಂದ ಬಂದ ನೆಂಟರು ಸಿಕ್ಕಿದ್ದರು. ಟೀಚರು ನಮ್ಮ ಮೈಕು ಬಂದ್ ಮಾಡಿದರು.

ಮುಂದಿನ ಪಾಠ ಅವರ ದೊಡ್ಡ ಹಬ್ಬದ್ದು. ಅದು ಬಂದಿದ್ದೂ ನಮ್ಮ ಚೈತ್ರ ಹುಣ್ಣಿಮೆಗೇ! ಮಾವ ಪಂಚಾಂಗ ಹಿಡಿದು ಕುಣಿದರು. ಹಬ್ಬದ ಊಟಕ್ಕೆ ಕುಳಿತಾಗ ಎಲ್ಲರಿಗಿಂತ ಚಿಕ್ಕ ಮಗು ‘ಇವತ್ತು ಮಾತ್ರ ಯಾಕೆ ಬೇರೆ?’ ಎಂದು ಕೇಳಬೇಕು, ಹಿರಿಯರು ಹಳೆಯ ಕಥೆಯನ್ನೆಲ್ಲ ಹೇಳಬೇಕು. ಮನೆಯಲ್ಲಿ ಹುದುಗಿದ ಹಿಟ್ಟಿನದೇನೂ ಉಳಿಯಬಾರದಂತೆ. ಅದಕ್ಕೇ ಮೊದಲೇ ಹತ್ತು ಚೂರು ಬ್ರೆಡ್ ಅಡಗಿಸಿಟ್ಟು ಮಕ್ಕಳಿಂದ ಹುಡುಕಿಸುತ್ತಾರಂತೆ.

ಮಾವನ ಕಣ್ಣು ನನ್ನ ದೋಸೆಹಿಟ್ಟಿನ ಮೇಲೆ ಬಿತ್ತು. “ಇದು ಉಬ್ಬಿದೆಯಲ್ಲ?”

“ನಾವು ಯಹೂದಿಗಳಲ್ಲ ಮಾವ.”

“ಹೌದಲ್ಲ! ಹಾಗಾದ್ರೆ ಎರಡು ದೋಸೆ ಹಾಕು.”

ಆದರೂ ಹುಡುಕಾಟದ ಆಸೆ ಬಿಡಲಿಲ್ಲ. ಹತ್ತು ಚೂರು ಚಪಾತಿ ಅಡಗಿಸಿಟ್ಟರು. ಚಪಾತಿ ಹುದುಗುವುದೇ ಇಲ್ಲವೆಂದು ನಾನೂ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಮನೆ ನಕ್ಕರೆ ಅದೂ ದೇವರ ಪ್ರಸಾದವೇ. ಪುಟ್ಟಿ ಒಂಬತ್ತು ಹುಡುಕಿದಳು.

“ಅಜ್ಜಾ, ವೇರ್ ಈಸ್ ದ ಲಾಸ್ಟ್ ಒನ್ ಲಾ?” ಎಂದಳು, ಮಲೇಷ್ಯಾದವರ ‘ಲಾ’ ಸೇರಿಸಿ.

ಅಜ್ಜನಿಗೇ ಮರೆತುಹೋಗಿತ್ತು! ಮೂರನೇ ದಿನ ಇರುವೆಗಳು ಸಾಲುಗಟ್ಟಿ ದಾರಿ ತೋರಿಸಿದವು: ಪಂಚಾಂಗದೊಳಗೆ. ಕೊಡವಲು ತೆರೆದೆ. ಅತ್ತೆಯ ಪಂಚಮಿಯ ಸುತ್ತ ಪೆನ್ಸಿಲ್ಲಿನ ಗುರುತು. ತೆರೆದು ತೆರೆದು ಆ ಹಾಳೆಯ ಅಂಚು ಹಳೇ ಸೀರೆಯಂತೆ ಮೆತ್ತಗಾಗಿತ್ತು. ನನ್ನ ನಗು ಅಲ್ಲೇ ನಿಂತಿತು.

ಪಂಚಮಿ ಬಂತು. ಪುರೋಹಿತರು ಬರುವಂತಿಲ್ಲ. ಊರಿನ ಭಟ್ಟರು ಫೋನಿನಲ್ಲಿ ಮಂತ್ರ ಹೇಳಿದರು, ನನ್ನವರು ಎಳ್ಳುನೀರು ಬಿಟ್ಟರು. ಕೆಳಗಿನ ತಮಿಳರ ಅಂಗಡಿಯಲ್ಲಿ ಎಳ್ಳೂ ಬಾಳೆಲೆಯೂ ಸಿಕ್ಕಿದವಲ್ಲ, ಕೃಷ್ಣ ದೊಡ್ಡವನು. ಮಾವ ಮಾತ್ರ ಅನ್ನ ಕಲಸಿದವರು ತುತ್ತೆತ್ತಲಿಲ್ಲ.

“ಅವಳ ಮನೆಯಲ್ಲಿ ಆಗಲಿಲ್ಲ,” ಎಂದರು. ಅಷ್ಟೇ.

ಪುಟ್ಟಿ ಅವರ ಮುಖವನ್ನೇ ನೋಡಿದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ತಡವರಿಸುತ್ತ ಕೇಳಿದಳು:

“ಅಜ್ಜ... ಇವತ್ತು ಮಾತ್ರ ಯಾಕೆ ಬೇರೆ?”

ಊರಿಗೆಲ್ಲ ಪ್ರಶ್ನೆ ಹಾಕುತ್ತಿದ್ದ ಮನುಷ್ಯ ಎಡಗೈಯಿಂದ ಪಕ್ಕದ ಜಾಗ ತೋರಿಸಿದರು. ಆಮೇಲೆ, “ಹತ್ತಿರ ಬಾ. ನಿನ್ನ ಅಜ್ಜಿ ಉಂಟಲ್ಲ, ಮದುವೆ ದಿನವೇ ನನಗೆ ಬೈದವಳು...” ಎಂದು ಶುರು ಮಾಡಿದರು.

ಸಾರು ತಣ್ಣಗಾಯಿತು. ಕಥೆ ನಿಲ್ಲಲಿಲ್ಲ. ಹೇಳುತ್ತ ಹೇಳುತ್ತ ಮಾವ ಅನ್ನ ಮೆತ್ತಿದ ಕೈಯಲ್ಲೇ ಪುಟ್ಟಿಯ ಕೈ ಹಿಡಿದುಕೊಂಡಿದ್ದರು. ಮುಸುರೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.